ಸಾಕಮ್ಮನ ಚೌಕಕ್ಕೆ ಕುಂಕುಮ

ಮನುಷ್ಯನಿಗೆ ವೃತ್ತಿಯಿಂದ ನಿವೃತ್ತಿ ದೊರೆಯುತ್ತದೆ. ವೃತ್ತಿಯ ಚಟದಿಂದ ದೊರೆಯುವುದಿಲ್ಲ. ಪಾಂಡವಪುರದ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷ ಕನ್ನಡ ಕಲಿಸಿ, ಸ್ವಯಂ ನಿವೃತ್ತಿ ಪಡೆದು, ಗಂಜಾಂನಲ್ಲಿ ಮನೆ ಮಾಡಿ ಮೂರು ವರ್ಷಗಳಾದರೂ ನನ್ನ ಕೈಚೀಲದಲ್ಲಿ ಇಂದಿಗೂ ಒಂದು ಕೆಂಪು ಶಾಯಿಯ ಪೆನ್ನು ಇರುತ್ತದೆ. ಮದುವೆಯ ಆಹ್ವಾನಪತ್ರಿಕೆ ಬಂದರೆ ವಧೂವರರ ಹೆಸರಿಗಿಂತ ಮೊದಲು ವಿಭಕ್ತಿ ಪ್ರತ್ಯಯಗಳು ನನ್ನ ಕಣ್ಣಿಗೆ ಬೀಳುತ್ತವೆ. ಒಮ್ಮೆ ನಾಗಮಂಗಲದ ಬೀಗರೊಬ್ಬರ ಮನೆಯ ಪತ್ರಿಕೆಯಲ್ಲಿ ಏಳು ತಪ್ಪುಗಳನ್ನು ಗುರುತಿಸಿ, ಹತ್ತಕ್ಕೆ ನಾಲ್ಕು ಅಂಕ ಕೊಟ್ಟು, ಮುಯ್ಯಿಯ ಲಕೋಟೆಯೊಳಗೆ ಮಡಚಿಟ್ಟು ಬಂದೆ. ಅವರ ಒಳಿತಿಗಾಗಿಯೇ ಮಾಡಿದ ಕೆಲಸ ಅದು. ಅಂದಿನಿಂದ ಆ ಮನೆಯವರು ತಮ್ಮ ಶುಭಕಾರ್ಯಗಳ ಸುದ್ದಿಯನ್ನು ನಮಗೆ ಬಾಯಿಮಾತಿನಲ್ಲಷ್ಟೇ ತಿಳಿಸುತ್ತಾರೆ.

ತರಗತಿಯಲ್ಲಿ ನನಗೆ ಒಂದು ಮಂತ್ರವಿತ್ತು. ‘ಪ್ರಶ್ನೆಯನ್ನು ಎರಡು ಬಾರಿ ಓದು, ಆಮೇಲೆ ಪೆನ್ನು ಎತ್ತು.’ ಪರೀಕ್ಷೆಯ ದಿನ ಈ ಮಂತ್ರವನ್ನು ಮರೆತು, ಕೇಳದ ಪ್ರಶ್ನೆಗೆ ಅಂದವಾದ ಉತ್ತರ ಬರೆದ ಎಷ್ಟು ಮಕ್ಕಳಿಗೆ ನಾನು ಸೊನ್ನೆ ಸುತ್ತಿದ್ದೇನೋ ಲೆಕ್ಕವಿಲ್ಲ. ಈ ವಾಕ್ಯವನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ನನ್ನನ್ನು ಅಣಕಿಸಲು ಬೇಕಾಗುತ್ತದೆ.

ಇಂಥ ನನ್ನ ಬಾಳಿನೊಳಕ್ಕೆ ಕ್ಯೂಆರ್ ಕೋಡ್ ಎಂಬ ಚೌಕ ಪ್ರವೇಶಿಸಿತು. ಅಕ್ಷರವಲ್ಲ, ಅಂಕಿಯಲ್ಲ, ರಂಗೋಲಿಯಂತೂ ಅಲ್ಲವೇ ಅಲ್ಲ. ಸಕ್ಕರೆಯ ಹರಳೊಂದರ ಸುತ್ತ ಇರುವೆಗಳು ಗ್ರಾಮಸಭೆ ಸೇರಿದಂತೆ ಕಾಣುತ್ತದೆ. ನನ್ನನ್ನು ಕಾಡಿದ್ದು ಅದರ ಅಂದಗೇಡಿತನವಲ್ಲ. ಸರಿಯಿದೆಯೋ ತಪ್ಪಿದೆಯೋ ಬರಿಗಣ್ಣಿಗೆ ತಿಳಿಯದ ಬರವಣಿಗೆಯನ್ನು ನಾನು ನೋಡಿದ್ದು ಅದೇ ಮೊದಲು. ಅದರ ಮುಂದೆ ನನ್ನ ಕೆಂಪು ಪೆನ್ನಿಗೆ ಕೆಲಸವೇ ಇರಲಿಲ್ಲ. ಆದ್ದರಿಂದ ನಾನು ಕ್ರಮಬದ್ಧವಾಗಿ ಸಿದ್ಧತೆ ನಡೆಸಿದೆ. ಪತ್ರಿಕೆಗಳಲ್ಲಿ ಬಂದ ಮೋಸದ ಸುದ್ದಿಗಳನ್ನು ಕತ್ತರಿಸಿ ಇನ್ನೂರು ಪುಟದ ಪುಸ್ತಕವೊಂದಕ್ಕೆ ಅಂಟಿಸಿ, ಮೋಸದ ವಿಧ, ಲಕ್ಷಣ, ಪರಿಹಾರ ಎಂದು ಮೂರು ಕಾಲಂಗಳನ್ನು ಎಳೆದೆ. ನಮ್ಮ ಮನೆಯವರು ಅದನ್ನು ನೋಡಿ, “ಕಳ್ಳನ ಕೈಗೇನಾದ್ರೂ ಈ ಪುಸ್ತಕ ಸಿಕ್ಕಿದ್ರೆ ಅವನಿಗೆ ಒಳ್ಳೇ ಗೈಡು” ಎಂದರು. ನಾನು ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಆ ಪುಸ್ತಕದ ಮೊದಲ ಕಾಲಂಗೆ ಜೀವಂತ ಉದಾಹರಣೆ ಒದಗಿಸಿದವಳು ಕೆ.ಆರ್. ಪೇಟೆಯಲ್ಲಿರುವ ನನ್ನ ಅಕ್ಕ. ಅವಳು ಓದಿದ್ದು ಏಳನೆಯ ತರಗತಿಯವರೆಗೆ. ನಿಭಾಯಿಸುತ್ತಿರುವುದು ಎರಡು ಎಮ್ಮೆ, ಒಂದು ತೆಂಗಿನ ತೋಟ ಮತ್ತು ನಮ್ಮ ಭಾವನನ್ನು. ಮನೆಯಲ್ಲಿದ್ದ ಹಳೆಯ ಮರದ ಮಂಚವನ್ನು ಮಾರಬೇಕೆಂದು ಅವಳ ಸೊಸೆ ಅದರ ಚಿತ್ರವನ್ನು ಫೋನಿನಲ್ಲಿ ಹಾಕಿದಳಂತೆ. ಗಂಟೆಯೊಳಗೆ ಒಬ್ಬನ ಕರೆ ಬಂತು. ಹೇಳಿದ ಬೆಲೆಗೆ ಒಂದೇ ಮಾತಿಗೆ ಒಪ್ಪಿದ. ಒಂದು ಕ್ಯೂಆರ್ ಕೋಡ್ ಕಳಿಸಿ, ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ದುಡ್ಡು ನಿಮಗೆ ಬರುತ್ತದೆ ಎಂದ. ಮುಂದಿನದನ್ನು ಅಕ್ಕನ ಬಾಯಲ್ಲೇ ಕೇಳಬೇಕು.

“ನಂಗೆ ಅಲ್ಲೇ ಅನ್ಮಾನ ಬಂತು ಕನಮ್ಮಿ. ನಮ್ ಸಂತೇಲಿ ಕೊತ್ಮಿರಿ ಕಟ್ಟಿಗೂ ಚೌಕಾಸಿ ಮಾಡ್ದೆ ಯಾವನೂ ತಕ್ಕೊಂಡಿಲ್ಲ. ಇವ್ನು ಮಂಚ ಮುಟ್ಟಿಲ್ಲ, ಕಾಲು ಅಲ್ಲಾಡ್ಸಿ ನೋಡಿಲ್ಲ, ‘ಕಮ್ಮಿ ಮಾಡ್ಕಳಿ’ ಅಂದಿಲ್ಲ. ಇವ್ನು ಯಾಪಾರ ಮಾಡೋನಾ? ಅದ್ಕೇ ಅಂದೆ, ‘ಅಲ್ಲಾ ಕಣಪ್ಪ, ನೀನು ನಂಗೆ ದುಡ್ ಕೊಡಕ್ಕೆ ನಾನ್ಯಾಕೆ ನನ್ ಬೀರು ಬೀಗ ತೆಗೀಬೇಕು?’ ಅಂತ. ಫೋನ್ ಮಡಗ್ಬುಟ್ಟ.”

ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿದರೆ ಅದು ನಮ್ಮ ಹಣ ಹೊರಗೆ ಹೋಗುವ ಬಾಗಿಲು. ಇದನ್ನು ನಾನು ನನ್ನ ಪುಸ್ತಕದಲ್ಲಿ ಒಂದೂವರೆ ಪುಟ ಬರೆದಿದ್ದೆ. ಅಕ್ಕ ಬೀರುವಿನ ಬೀಗದಲ್ಲಿ ಮುಗಿಸಿದ್ದಳು. ಆಗಲೇ ನಾನು ಒಂದು ಪಾಠ ಕಲಿಯಬೇಕಾಗಿತ್ತು. ಆದರೆ ಕಲಿಸುವವರಿಗೆ ಕಲಿಯಲು ಬಿಡುವು ಎಲ್ಲಿರುತ್ತದೆ?

ಈಗ ಸಾಕಮ್ಮನ ವಿಷಯಕ್ಕೆ ಬರುತ್ತೇನೆ. ಗಂಜಾಂನಲ್ಲಿ ನಿಮಿಷಾಂಬೆಯ ಗುಡಿಗೆ ಹೋಗುವ ದಾರಿಯಲ್ಲಿ ಸಾಕಮ್ಮನ ಚುರುಮುರಿ ಗಾಡಿ ಇದೆ. ಅವಳ ತವರು ಚಿನಕುರಳಿ. ಗಂಡ ಚಿಕ್ಕಣ್ಣ ಟ್ರಾಕ್ಟರಿನಲ್ಲಿ ಕಬ್ಬು ಸಾಗಿಸುತ್ತಾನೆ. ಅವಳು ಮಾಡುವ ಚುರುಮುರಿಯಲ್ಲಿ ಮಾವಿನಕಾಯಿಯ ತುರಿ, ಕ್ಯಾರೆಟ್ಟು, ಈರುಳ್ಳಿ, ಖಾರ ಎಲ್ಲವೂ ಎಷ್ಟು ಹದವಾಗಿ ಬೆರೆತಿರುತ್ತವೆಂದರೆ, ಒಂದು ಪದವನ್ನೂ ತೆಗೆಯಲಾಗದ ವಾಕ್ಯದಂತೆ. ಪ್ರತಿದಿನ ಸಂಜೆ ಹೊಳೆಯ ಕಡೆಗೆ ಒಂದು ಸುತ್ತು ನಡೆದು, ಹಿಂದಿರುಗುವಾಗ ಅವಳ ಗಾಡಿಯ ಮುಂದೆ ನಿಲ್ಲುವುದು ನನ್ನ ಆರೋಗ್ಯ ಕಾರ್ಯಕ್ರಮದ ಭಾಗ. ವೈದ್ಯರು ಹೇಳಿದ್ದು ಅದರ ಪೂರ್ವಾರ್ಧವನ್ನು ಮಾತ್ರ.

ಗಾಡಿಯ ಮುಂಭಾಗದ ಕಂಬಕ್ಕೆ, ಗಿರಾಕಿಗಳಿಗೆ ಕಾಣುವಂತೆ, ಕ್ಯೂಆರ್ ಕೋಡ್ ಅಂಟಿಸಿದ ಒಂದು ಫಲಕವನ್ನು ತಂತಿಯಲ್ಲಿ ತೂಗುಹಾಕಿದ್ದಳು. ಗಾಡಿಯ ಹಿಂದೆ ಕೂರುವ ಸಾಕಮ್ಮನಿಗೆ ಕಾಣುವುದು ಅದರ ಬೆನ್ನು ಮಾತ್ರ. ಆದರೂ ದಿನವೂ ಬೆಳಿಗ್ಗೆ ಗಾಡಿಯ ಮುಂದಕ್ಕೆ ಬಂದು, ಆ ಚೌಕದ ನಾಲ್ಕು ಮೂಲೆಗಳಿಗೆ ಅರಿಶಿನ ಕುಂಕುಮವಿಟ್ಟು, ಒಂದು ಹೂವು ಸಿಕ್ಕಿಸಿ, ಕೈ ಮುಗಿದೇ ವ್ಯಾಪಾರಕ್ಕೆ ಕೂರುವಳು. ಒಂದು ಶುಕ್ರವಾರ ಸಂಜೆ ನನ್ನ ಫೋನು ಆ ಚೌಕವನ್ನು ಓದಲು ನಿರಾಕರಿಸಿತು.

“ವಸಿ ಓರೆ ಇಡ್ಕಳಿ ಟೀಚರಮ್ಮ, ಆಯ್ತದೆ. ಇವತ್ತು ಸುಕ್ರವಾರ, ಕುಂಕ್ಮ ವಸಿ ಜಾಸ್ತಿ ಆಗದೆ” ಎಂದಳು ಸಾಕಮ್ಮ.

“ಕುಂಕುಮವನ್ನು ದೇವರಿಗಿಡಬೇಕು ಸಾಕಮ್ಮ. ಇದು ಯಂತ್ರ ಓದುವ ಗುರುತು. ಇದಕ್ಕೆ ಪೂಜೆ ಮಾಡಿದರೆ ಏನು ಪ್ರಯೋಜನ?”

“ತಕ್ಡಿಗೆ ಇಡಾಕಿಲ್ವಾ? ಟ್ರಾಕ್ಟ್ರಿಗೆ ಇಡಾಕಿಲ್ವಾ? ಅನ್ನ ಕೊಡೋ ತಾಯಿ ಕನ್ರವ್ವ ಇದು. ಬರೀ ಅಣೇಲಿ ಕೂರ್ಸಕ್ಕಾಯ್ತದಾ?”

ನಾನು ಚರ್ಚೆಯಲ್ಲಿ ಸೋಲುವವಳಲ್ಲ. ಸ್ವಚ್ಛತೆ, ಯಂತ್ರದ ದೃಷ್ಟಿ, ಗ್ರಾಹಕರ ಸಮಯ ಎಂಬ ಮೂರು ಶೀರ್ಷಿಕೆಗಳಡಿ ಹತ್ತು ನಿಮಿಷ ಮಾತನಾಡಿದೆ. ಕೊನೆಗೆ ಅವಳು, “ಆಯ್ತು ತಕ್ಕೊಂಡೋಗಿ, ನೀವು ಓದ್ದೋರು” ಎಂದು ಫಲಕವನ್ನು ಬಿಚ್ಚಿ ಕೊಟ್ಟಳು. ಮನೆಗೆ ತಂದು ಒದ್ದೆ ಬಟ್ಟೆಯಿಂದ ಒರೆಸಿ, ಮೂಲೆಗಳನ್ನು ಸೋಪಿನ ನೊರೆಯಿಂದ ಉಜ್ಜಿ, ಕನ್ನಡಿಯಂತೆ ಹೊಳೆಯಿಸಿದೆ. ಅಷ್ಟಕ್ಕೇ ಬಿಡಲಿಲ್ಲ. ‘ಗ್ರಾಹಕರ ಗಮನಕ್ಕೆ’ ಎಂಬ ಸೂಚನಾಪತ್ರವೊಂದನ್ನು ದುಂಡಾದ ಅಕ್ಷರಗಳಲ್ಲಿ ಬರೆದು, ಲ್ಯಾಮಿನೇಶನ್ ಮಾಡಿಸಿ, ಫಲಕದ ಕೆಳಗೆ ಕಟ್ಟಿದೆ. ಅದರ ಮೊದಲನೆಯ ಕಲಮು ಹೀಗಿತ್ತು: ‘ಹಣವನ್ನು ಪಾವತಿಸುವುದಕ್ಕೆ ಮುನ್ನ ಪರದೆಯ ಮೇಲೆ ಮೂಡುವ ಹೆಸರನ್ನು ಓದಿ ಖಚಿತಪಡಿಸಿಕೊಳ್ಳತಕ್ಕದ್ದು.’ ಇನ್ನೂ ಮೂರು ಕಲಮುಗಳಿದ್ದವು. ನಮ್ಮ ಮನೆಯವರು ಮಾತ್ರ, “ಇದನ್ನ ಓದಿ ಮುಗಿಸೋ ಹೊತ್ತಿಗೆ ಪುರಿ ಮೆತ್ತಗಾಗಿರುತ್ತೆ” ಎಂದರು. ಶನಿವಾರ ಬೆಳಿಗ್ಗೆ ಫಲಕವನ್ನು ತೂಗುಹಾಕಿ, ಇನ್ನು ಮುಂದೆ ಇದಕ್ಕೆ ಕುಂಕುಮ ಸೋಕಿಸಕೂಡದೆಂದು ಸಾಕಮ್ಮನಿಂದ ಮಾತು ತೆಗೆದುಕೊಂಡು ಬಂದೆ.

ಆ ಸಂಜೆ ನನ್ನ ಫೋನು ಚೌಕವನ್ನು ಕ್ಷಣಾರ್ಧದಲ್ಲಿ ಓದಿತು. ಭಾನುವಾರವೂ ಓದಿತು. ಸೋಮವಾರ, ಮಂಗಳವಾರವೂ ಓದಿತು. ನಾನು ಹಸಿರು ಗುರುತನ್ನು ಸಾಕಮ್ಮನ ಕಡೆಗೆ ತಿರುಗಿಸಿ, “ನೋಡಿದೆಯಾ, ಹೇಗೆ ಓದುತ್ತದೆ!” ಎಂದು ದಿನವೂ ಹೇಳಿದೆ. ಅವಳು ದಿನವೂ ತಲೆಯಾಡಿಸಿದಳು.

ಬುಧವಾರ ಬೆಳಿಗ್ಗೆ ನಾನು ಸೊಪ್ಪು ಬಿಡಿಸುತ್ತಿದ್ದಾಗ ಸಾಕಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳ ಕೈಯಲ್ಲಿ ಫಲಕವಿತ್ತು. ಮುಖದಲ್ಲಿ ಎಂದಿನ ನಗು ಇರಲಿಲ್ಲ.

“ಟೀಚರಮ್ಮ, ಇದನ್ನ ನೀವೇ ಮಡೀಕಳಿ. ಇಲ್ದಿದ್ರೆ ಒಳೆಗೆ ಎಸ್ದುಬುಡ್ತೀನಿ.”

ಒಳಗೆ ಕೂರಿಸಿ, ನೀರು ಕೊಟ್ಟು, ವಿಷಯವನ್ನು ಒಂದೊಂದಾಗಿ ಬಿಡಿಸಿದೆ. ಬ್ಯಾಂಕಿನ ಸಂದೇಶಗಳು ಬರುವುದು ಚಿಕ್ಕಣ್ಣನ ಫೋನಿಗೆ. ಅವನು ಹೊತ್ತಾರೆ ಎದ್ದು ಅವಳನ್ನು, “ಮೂರ್ ದಿವ್ಸದಿಂದ ಗಾಡಿ ಆಕಿಲ್ವೇನಮ್ಮಿ? ಒಂದ್ ಸಲಾನೂ ಟಿಣ್ ಅಂದಿಲ್ವಲ್ಲ?” ಎಂದು ಕೇಳಿದನಂತೆ. ಭಾನುವಾರದಿಂದ ಒಂದು ಪೈಸೆಯೂ ಖಾತೆಗೆ ಬಂದಿರಲಿಲ್ಲ. ಹಣ ಬಂದಾಗ ಕೂಗಿ ಹೇಳುವ ಪುಟ್ಟ ಪೆಟ್ಟಿಗೆಯೊಂದು ಅವಳ ಬಳಿ ಮೊದಲು ಇತ್ತು. ಅದನ್ನು ಅವಳೇ ಹಿಂದಿರುಗಿಸಿದ್ದಳು. “ಬಾಯ್ಬಡುಕ ಮುಂಡೇದು. ಎಷ್ಟ್ ಬಂತು ಅಂತ ಇಡೀ ಬೀದಿಗೆ ಸಾರ್ತಿತ್ತು. ನಮ್ ನಾದ್ನಿ ಲೆಕ್ಕ ಇಟ್ಕತಿದ್ಲು” ಎಂಬುದು ಅದಕ್ಕೆ ಕಾರಣ.

ಮರುದಿನ ಅಮಾವಾಸ್ಯೆ. ಅಮಾವಾಸ್ಯೆಯ ದಿನ ನಿಮಿಷಾಂಬೆಯ ದರ್ಶನಕ್ಕೆ ಬರುವ ಜನರಿಂದ ಗಂಜಾಂನ ಬೀದಿ ತುಂಬಿ ಹೋಗುತ್ತದೆ. ಧೂಳು, ನೊಣ ತಾಗದಂತೆ ಗಾಡಿಗೊಂದು ಗಾಜಿನ ಪೆಟ್ಟಿಗೆ ಮಾಡಿಸಬೇಕೆಂದು ಸಾಕಮ್ಮ ತಿಂಗಳುಗಳಿಂದ ಆಸೆಪಟ್ಟಿದ್ದಳು. ಈ ಅಮಾವಾಸ್ಯೆಯ ವ್ಯಾಪಾರ ಅದಕ್ಕೆಂದೇ ಎತ್ತಿಟ್ಟಿದ್ದು. ಎರಡು ಮೂಟೆ ಪುರಿ ತಂದಿಟ್ಟಾಗಿತ್ತು. ಈಗಿನ ಗಿರಾಕಿಗಳ ಜೇಬಿನಲ್ಲಿ ಚಿಲ್ಲರೆ ಎಲ್ಲಿರುತ್ತದೆ? ಫಲಕ ಕೈಕೊಟ್ಟರೆ ಆ ಮೂಟೆಗಳನ್ನು ಹೊಳೆಯ ಮೀನುಗಳಿಗೆ ಹಾಕಬೇಕಿತ್ತು.

“ಪೂಜೆ ನಿಲ್ಸಿದ್ಕೇ ಇಂಗಾಗಿರಾದು” ಎಂದಳು ಸಾಕಮ್ಮ. “ತಾಯಿ ಮುನಿಸ್ಕಂಡವ್ಳೆ.”

ನಾನು ಮುಗುಳ್ನಕ್ಕೆ. ಆ ಮುಗುಳ್ನಗೆಯನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. “ಸಾಕಮ್ಮ, ಕಾರಣವಿಲ್ಲದೆ ಕಾರ್ಯವಿಲ್ಲ. ಪೂಜೆಗೂ ಬ್ಯಾಂಕಿಗೂ ಸಂಬಂಧವಿಲ್ಲ. ನಾನೇ ದಿನವೂ ಹಣ ಕಳುಹಿಸಿದ್ದೇನೆ, ದಾಖಲೆ ಸಮೇತ ತೋರಿಸುತ್ತೇನೆ ಇರು” ಎಂದು ಫೋನು ತೆಗೆದೆ. ಭಾನುವಾರದ ಪಾವತಿ ಇತ್ತು. ಸೋಮವಾರದ್ದಿತ್ತು. ಮಂಗಳವಾರದ್ದೂ ಇತ್ತು. ಮೂರಕ್ಕೂ ಹಸಿರು ಗುರುತಿತ್ತು. ಮೂರರ ಪಕ್ಕದಲ್ಲೂ, ಸ್ಪಷ್ಟವಾದ ಇಂಗ್ಲಿಷ್ ಅಕ್ಷರಗಳಲ್ಲಿ, ನಾನು ಎಂದೂ ಕೇಳಿರದ ಯಾವುದೋ ಟ್ರೇಡರ್ಸ್‌ನ ಹೆಸರಿತ್ತು.

“ಏನಂತ ಅದೆ?” ಎಂದಳು, ಇಂಗ್ಲಿಷ್ ಬಾರದ ಸಾಕಮ್ಮ.

ಆ ಹೆಸರನ್ನು ಆಗ, ಮೊದಲ ಬಾರಿಗೆ, ಓದಿ ಹೇಳಿದೆ. ಪ್ರಶ್ನೆಯನ್ನು ಎರಡು ಬಾರಿ ಓದು ಎಂದು ಇಪ್ಪತ್ತಾರು ವರ್ಷ ಬೋಧಿಸಿದವಳು, ಹೆಸರನ್ನು ಓದತಕ್ಕದ್ದು ಎಂದು ಸ್ವಹಸ್ತದಿಂದ ಬರೆದು ಲ್ಯಾಮಿನೇಶನ್ ಮಾಡಿಸಿದವಳು, ಆ ಸೂಚನಾಪತ್ರದ ಎದುರಿಗೇ ನಿಂತು, ಮೂರು ಸಂಜೆ ಹೆಸರನ್ನು ಒಂದು ಬಾರಿಯೂ ಓದದೆ ಪಿನ್ ಒತ್ತಿದ್ದಳು. ಬೇರೆ ಗಿರಾಕಿಗಳನ್ನು ದೂರುವಂತೆಯೂ ಇರಲಿಲ್ಲ. ಎಲ್ಲಿಂದಲೋ ದರ್ಶನಕ್ಕೆ ಬಂದವರಿಗೆ ಗಾಡಿಯವಳ ಹೆಸರು ಹೇಗೆ ತಿಳಿಯಬೇಕು? ಹೆಸರನ್ನು ಖಚಿತಪಡಿಸಿಕೊಳ್ಳಿ ಎಂದು ನಾಲ್ಕು ಕಲಮು ಬರೆದ ನಾನು, ಯಾವ ಹೆಸರು ಎಂಬುದನ್ನೇ ಬರೆದಿರಲಿಲ್ಲ.

ಫಲಕವನ್ನು ಬಿಸಿಲಿಗೆ ಹಿಡಿದು ಅಂಚಿನುದ್ದಕ್ಕೂ ಉಗುರು ಆಡಿಸಿದೆ. ಒಂದು ಮೂಲೆ ಎದ್ದಿತು. ಎಳೆದರೆ ಇಡೀ ಚೌಕವೇ ಸಿಪ್ಪೆಯಂತೆ ಕಿತ್ತು ಬಂತು. ಅದರಡಿಯಲ್ಲಿ ಸಾಕಮ್ಮನ ಹಳೆಯ ಚೌಕ, ಮೂಲೆಗಳಲ್ಲಿ ನನ್ನ ಸೋಪಿಗೂ ಜಗ್ಗದ ಕುಂಕುಮದ ನಸುಗೆಂಪು ಕಲೆಗಳೊಂದಿಗೆ, ಇದ್ದಹಾಗೆಯೇ ಇತ್ತು. ಯಾರೋ ಒಬ್ಬ ರಸ್ತೆಯ ಬದಿಯಲ್ಲಿ ನಿಂತು, ತನ್ನ ಕೋಡನ್ನು ಅವಳದರ ಮೇಲೆ ಅಂಟಿಸಿ ಹೋಗಿದ್ದ.

“ಅವ್ನ ಮನೆ ಕಾಯ್ವಾಗ!” ಎಂದಳು ಸಾಕಮ್ಮ. ಆಮೇಲೆ ಆ ಕಲೆಗಳ ಮೇಲೆ ಬೆರಳಾಡಿಸಿ ಹೇಳಿದಳು: “ಟೀಚರಮ್ಮ, ದಿನಾ ಬೆಳಿಗ್ಗೆ ಮುಂದ್ಕೆ ಬಂದು ಕುಂಕ್ಮ ಇಡ್ತಿದ್ನಲ್ಲ. ಅವ್ನು ಇದನ್ನ ಅಂಟ್ಸಿದ್ರೆ ನಿನ್ನೆ ಇಟ್ಟಿದ್ ಕುಂಕ್ಮ ಎಲ್ಲೋಯ್ತು ಅಂತ ನಂಗೆ ಗೊತ್ತಾಗ್ತಿರ್ಲಿಲ್ವಾ?”

ಗೊತ್ತಾಗುತ್ತಿತ್ತು. ಬೆಳಕು ಹರಿಯುವ ಹೊತ್ತಿಗೇ ಗೊತ್ತಾಗುತ್ತಿತ್ತು. ನಾನು ಮೂಢನಂಬಿಕೆ ಎಂದು ಸೋಪು ಹಾಕಿ ತೊಳೆದದ್ದು ಆ ಗಾಡಿಗೆ ಇದ್ದ ಏಕೈಕ ದೈನಂದಿನ ತಪಾಸಣೆಯನ್ನು. ಪೂಜೆಗೂ ಬ್ಯಾಂಕಿಗೂ ಸಂಬಂಧವಿತ್ತು. ಕಾರಣವಿಲ್ಲದೆ ಕಾರ್ಯವಿರಲಿಲ್ಲ, ಕಾರಣ ನಾನಾಗಿದ್ದೆ.

ತಪ್ಪೊಪ್ಪಿಕೊಂಡೆ. ಸಾಕಮ್ಮ ನನ್ನನ್ನು ಬೈಯಬಹುದಿತ್ತು. ಅವಳು, “ಬುಡಿ ಬುಡಿ, ನಾಳೀಕೆ ಏನ್ ಮಾಡಾದು ಅದನ್ನೇಳಿ” ಎಂದಳು. ಸೈಬರ್ ವಂಚನೆಯ ಸಹಾಯವಾಣಿಗೆ ಒಡನೆಯೇ ಕರೆ ಮಾಡಿದೆವು. ಬ್ಯಾಂಕಿಗೆ ಹೋಗಿ ತಿಳಿಸಿದೆವು. ಠಾಣೆಯಲ್ಲಿ ನಾನು ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರಗಳುಳ್ಳ ನಾಲ್ಕು ಪುಟದ ದೂರು ಬರೆದು ಕೊಟ್ಟಾಗ ಅಲ್ಲಿದ್ದ ಪೇದೆಯಮ್ಮ ಅದನ್ನು ತೂಗಿ ನೋಡುವಂತೆ ಹಿಡಿದು, “ಮೇಡಮ್ಮೋರೆ, ಕಳ್ಳ ಯಾವಾಗ ಬತ್ತಾನೆ ಇದ್ರಲ್ಲಿ?” ಎಂದಳು. ಮೂರನೆಯ ಪುಟದಲ್ಲಿ ಬರುತ್ತಾನೆಂದು ತಿಳಿಸಿದೆ. ಅವಳೇ ಅರ್ಧ ಪುಟಕ್ಕೆ ಇಳಿಸಿದಳು. ಮೋಸದವನ ಖಾತೆಯನ್ನು ತಡೆಹಿಡಿಸಲು ಪ್ರಯತ್ನಿಸುತ್ತೇವೆ, ಹೋದದ್ದು ಬಂದರೂ ಬಂದೀತು ಎಂಬ ಭರವಸೆಯೂ ದೊರೆಯಿತು.

ಮಧ್ಯಾಹ್ನ ಇಬ್ಬರೂ ಬೀದಿಯ ಎಲ್ಲ ಅಂಗಡಿಗಳ ಫಲಕಗಳನ್ನು ಉಗುರು ಆಡಿಸಿ ಪರೀಕ್ಷಿಸಿದೆವು. ಮಣಿಸರದ ಅಂಗಡಿಯೊಂದರಲ್ಲಿ ಇನ್ನೊಂದು ಸಿಪ್ಪೆ ಸಿಕ್ಕಿತು. ಅದೂ ಬರೀ ಹಣೆಯ ಫಲಕವೇ. ಕುಂಕುಮವಿದ್ದ ಒಂದು ಫಲಕಕ್ಕೂ ಕಳ್ಳ ಕೈ ಹಾಕಿರಲಿಲ್ಲ. ಸಾಕಮ್ಮ ನನ್ನ ಕಡೆಗೆ ತಿರುಗಿ ನೋಡಿದಳು. ಆಮೇಲೆ ತನ್ನ ಗಾಡಿಯ ಕಡೆಗೆ ನಡೆದಳು. ಅದು ಅವಳ ದೊಡ್ಡತನ.

ಸಂಜೆ ನಮ್ಮಿಬ್ಬರ ನಡುವೆ ಒಪ್ಪಂದವಾಯಿತು. ಚೌಕದ ಹೊಟ್ಟೆಗೆ ಕುಂಕುಮ ಬೇಡ, ಫೋನು ಓದಬೇಕು. ಅಂಚಿಗೆ ಇಡಬಹುದು. ಅದರಲ್ಲೂ ಬೊಟ್ಟಿನ ಅರ್ಧ ಕಾಗದದ ಮೇಲೆ, ಅರ್ಧ ಫಲಕದ ಮೇಲೆ ಬೀಳಬೇಕು. ಯಾರಾದರೂ ಮೇಲೆ ಅಂಟಿಸಿದರೆ ಬೊಟ್ಟು ಅರ್ಧವಾಗಿ ಕಾಣುತ್ತದೆ. ಈ ಅರ್ಧ ಬೊಟ್ಟಿನ ಉಪಾಯವನ್ನು ನಾನು ಸೂಚಿಸಿದ್ದೆಂದು ಬರೆಯಲು ಮನಸ್ಸಾಗುತ್ತಿದೆ. ಸೂಚಿಸಿದವಳು ಸಾಕಮ್ಮ. ನನ್ನ ಸೂಚನಾಪತ್ರವನ್ನೂ ಅವಳು ಬದಲಿಸಿದಳು. ಅವಳು ಹೇಳಿದ್ದನ್ನು ಹೇಳಿದಂತೆಯೇ, ಒಂದಕ್ಷರವನ್ನೂ ತಿದ್ದದೆ, ದಪ್ಪ ಅಕ್ಷರಗಳಲ್ಲಿ ಬರೆದುಕೊಟ್ಟೆ: ‘ಈ ಗಾಡಿ ಸಾಕಮ್ಮುಂದು. ಫೋನಲ್ಲಿ ಸಾಕಮ್ಮ ಅಂತ ಬಂದ್ರೆ ಒತ್ತಿ. ಇಲ್ದಿದ್ರೆ ನನ್ ಕೂಗಿ.’ ಬರೆಯುವ ಮೊದಲು ಕೆಂಪು ಪೆನ್ನನ್ನು ಕೈಚೀಲದ ತಳಕ್ಕೆ ತಳ್ಳಿದ್ದೆ. ಬಾಯ್ಬಡುಕ ಪೆಟ್ಟಿಗೆಯನ್ನೂ ಮತ್ತೆ ತರಿಸಲು ಅವಳು ಒಪ್ಪಿದಳು. “ನಾದ್ನಿ ಕೇಳ್ಸ್ಕಂಡ್ರೆ ಕೇಳ್ಸ್ಕಳ್ಲಿ. ಕಳ್ಳಂಗಿಂತ ನಾದ್ನಿ ಮೇಲು.” ಆದರೆ ಅದು ಬರಲು ವಾರವಾಗುತ್ತಿತ್ತು.

ಆದ್ದರಿಂದ ಅಮಾವಾಸ್ಯೆಯ ದಿನ ಆ ಪೆಟ್ಟಿಗೆಯ ಕೆಲಸವನ್ನು ನಾನು ವಹಿಸಿಕೊಂಡೆ. ಬೆಳಿಗ್ಗೆ ಏಳಕ್ಕೆ ಗಾಡಿಯ ಪಕ್ಕದಲ್ಲಿ ಸ್ಟೂಲು ಹಾಕಿ ಕುಳಿತು, ಫೋನು ಎತ್ತಿದ ಪ್ರತಿಯೊಬ್ಬರಿಗೂ, “ಹೆಸರನ್ನು ಗಟ್ಟಿಯಾಗಿ ಓದಿ, ಆಮೇಲೆ ಒತ್ತಿ” ಎಂದೆ. ಜನ ಮೊದಲು ಬೆಚ್ಚಿದರು, ಆಮೇಲೆ ಓದಿದರು. “ಸಾಕಮ್ಮ.” “ಸಾಕಮ್ಮ.” ಮೆಲ್ಲಗೆ ಓದಿದವರಿಂದ ಎರಡನೆಯ ಬಾರಿ ಓದಿಸಿದೆ. ಹನ್ನೊಂದು ಗಂಟೆಯ ಹೊತ್ತಿಗೆ ಸಾಲು ಹೂವಿನ ಅಂಗಡಿಯವರೆಗೆ ಬೆಳೆದಿತ್ತು; ಹಿಂದಿದ್ದವರು ತಮ್ಮ ಸರದಿ ಬರುವ ಮೊದಲೇ ರಾಗವಾಗಿ ಹೇಳತೊಡಗಿದರು. “ಅಮ್ಮನ ಅಷ್ಟೋತ್ರ ಒಳ್ಗಡೆ, ಸಾಕಮ್ಮುನ್ ಅಷ್ಟೋತ್ರ ಈಚ್ಗಡೆ!” ಎಂದು ಹೂವಿನ ಅಂಗಡಿಯವನು ಕೂಗಿದ. ನಡುವೆ, ಮೀಸೆ ಹೊತ್ತ ದಪ್ಪ ಗೃಹಸ್ಥನೊಬ್ಬ ಹೆಂಡತಿ ಮಕ್ಕಳೊಡನೆ ಬಂದವನು ನನ್ನ ದನಿ ಕೇಳಿದ್ದೇ ತಡ ಕೈ ಕಟ್ಟಿ ನಿಂತು, “ಮಿಸ್, ಇಲ್ಲೂ ಓದಿಸ್ತೀರಾ?” ಎಂದ. ಪಾಂಡವಪುರದ ನನ್ನ ಹಳೆಯ ವಿದ್ಯಾರ್ಥಿ. ಸೊನ್ನೆ ಪಡೆದವರ ಪೈಕಿ. ಅವನು ಎಲ್ಲರಿಗಿಂತ ಚೆನ್ನಾಗಿ ಓದಿದ.

ನಾಲ್ಕು ಗಂಟೆಗೆ ಎರಡೂ ಮೂಟೆ ಪುರಿ ಮುಗಿದಿತ್ತು. ಚಿಕ್ಕಣ್ಣ ಟ್ರಾಕ್ಟರು ಬಿಟ್ಟು ಓಡಿ ಬಂದು, “ಬೆಳಿಗ್ಗೆಯಿಂದ ಫೋನು ಟಿಣ್ ಟಿಣ್ ಅಂತ ತಲೆ ತಿಂದ್ಬುಡ್ತು ಕನಮ್ಮಿ” ಎಂದು ಹೆಂಡತಿಯ ಮುಂದೆ ನಿಂತು ನಕ್ಕ. ಗಾಜಿನ ಪೆಟ್ಟಿಗೆಯ ಅಳತೆಯನ್ನು ಅವಳು ಅಲ್ಲೇ, ತನ್ನ ಗೇಣಿನಲ್ಲಿ, ಮೂರು ಬಾರಿ ತೆಗೆದಳು.

ನನಗಾಗಿ ಒಂದು ಪೊಟ್ಟಣ ಎತ್ತಿಟ್ಟಿದ್ದಳು. ಹಣ ಬೇಡವೆಂದಳು, ನಾನು ಬಿಡಲಿಲ್ಲ. ಫೋನು ಎತ್ತಿ ಪಿನ್ ಒತ್ತಲು ಹೊರಟಾಗ ಸಾಕಮ್ಮ ಸೊಂಟದ ಮೇಲೆ ಕೈಯಿಟ್ಟು, “ಗಟ್ಟಿಯಾಗಿ ಓದಿ ಟೀಚರಮ್ಮ” ಎಂದಳು. ಓದಿದೆ. “ಕೇಳ್ಸಿಲ್ಲ.” ಬೀದಿಗೆಲ್ಲ ಕೇಳುವಂತೆ ಮತ್ತೊಮ್ಮೆ ಓದಿದೆ. ಆಗ ಅವಳು ಕುಂಕುಮದ ಬಟ್ಟಲಿಗೆ ಬೆರಳದ್ದಿ, ನನ್ನ ಫೋನಿನ ಬೆನ್ನ ಮೇಲೆ ಒಂದು ಬೊಟ್ಟಿಟ್ಟು, “ಇವತ್ ಪಾಸು” ಎಂದಳು. ಜೀವಮಾನವಿಡೀ ಕೆಂಪು ಗುರುತು ಹಾಕಿದವಳಿಗೆ ಹಾಕಿಸಿಕೊಂಡ ಅನುಭವ ಅದೇ ಮೊದಲು. ಅಂಕ ಪಡೆದ ಮಗುವಿನಂತೆ ಅದನ್ನು ಮನೆಯವರಿಗೆ ತೋರಿಸಲು ಬಿರಬಿರನೆ ನಡೆದೆ.

ಮರುದಿನ ಔಷಧಿ ಅಂಗಡಿಯಲ್ಲಿ ನನ್ನ ಫೋನು ಯಾವ ಚೌಕವನ್ನೂ ಓದಲಿಲ್ಲ. ಓರೆ ಹಿಡಿದೆ, ನೇರ ಹಿಡಿದೆ, ದೂರ ಹಿಡಿದೆ. ಅಂಗಡಿಯವನು ಅದನ್ನು ತಿರುಗಿಸಿ ನೋಡಿ, “ಕ್ಯಾಮ್ರಾ ಮೇಲೆ ಏನೋ ಕೆಂಪಗೆ ಅಂಟ್ಕಂಡದೆ ಮೇಡಂ, ಒರೆಸ್ಲಾ?” ಎಂದ. ಬೇಡವೆಂದು ಹೇಳಿ, ಫೋನನ್ನು ಅವನ ಕೈಯಿಂದ ಜೋಪಾನವಾಗಿ ಹಿಂದಕ್ಕೆ ಪಡೆದು, ಮನೆಗೆ ನಡೆದು ಹೋಗಿ ನೋಟು ತಂದು ಕೊಟ್ಟೆ.